ನಮ್ ಹುಡುಗನ ಗಿಟಾರು, ಹೆವಿ ಮೆಟಲ್ ಬ್ಯಾಂಡುಗಳು ಮತ್ತೆ ನನ್ನ ಹಾರ್ಮೋನಿಯಂ

ಈ ಸಲ ತೆಂಗಿನ ರೋಗದ ವಿಷಯ ಇಲ್ಲ, ಗೊಬ್ಬರದ ವಿಷಯಾನೂ ಇಲ್ಲ. ಸಂಗೀತದ ವಿಷಯ. ಅದೂ ಹೆವಿ ಮೆಟಲ್ ಅನ್ನೋ ಸಂಗೀತದ್ದು. ನಗಬೇಡಿ, ಪೂರ್ತಿ ಓದಿ.

ಕಾರಣ ಇದೆ. ಈ ಎರಡು ಮೂರು ತಿಂಗಳಲ್ಲಿ ನಮ್ಮ ಸುತ್ತಮುತ್ತಲ ಊರಿನ ನಾಲ್ಕೈದು ಜನ ನನ್ನನ್ನ ಒಂದೇ ಮಾತು ಕೇಳಿದ್ರು. "ಅಣ್ಣ, ನಮ್ ಹುಡುಗ ಗಿಟಾರು ಗಿಟಾರು ಅಂತ ಸಾಯ್ತಾನೆ. ಮೊಬೈಲಲ್ಲಿ ಅದೇನೋ ಕಿರುಚಾಟ ಕೇಳ್ತಾನೆ. ತಲೆಬುರುಡೆ ಚಿತ್ರ ಇರೋ ಕರಿ ಟೀ ಶರ್ಟು ಬಿಟ್ಟು ಬೇರೆ ಹಾಕಲ್ಲ. ನಿಮ್ಮ ಮಗನೂ ಹಂಗೇ ಇದ್ನಲ್ಲ, ಏನ್ ಮಾಡಿದ್ರಿ?" ಅಂತ. ಒಬ್ಬರಂತೂ ಗಿಟಾರನ್ನ ಕಿತ್ಕೊಂಡು ಬೀರುವಿಗೆ ಇಟ್ಟು ಬೀಗ ಹಾಕಿದ್ದಾರಂತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡೋಣ ಅಂತ ಕೂತೆ.

ನನ್ನ ಮಗನಿಗೆ ಈಗ 31 ವರ್ಷ. ಹದಿನೈದನೇ ವಯಸ್ಸಿಂದ ಈ ಬ್ಯಾಂಡುಗಳು ಅವನಿಗೆ ಏನೇನು ಕಲಿಸಿದ್ವು ಅನ್ನೋದನ್ನ ಒಂದೇ ಮನೇಲಿ ಇದ್ದು ಕಿವಿಯಾರೆ ಕೇಳಿದೀನಿ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ. ಆದ್ರೆ ಸ್ವರ ಗೊತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ನಮ್ಮೂರಿಗೆ ಕುರುಕ್ಷೇತ್ರ ನಾಟಕ ಕಲಿಸೋಕೆ ಬರ್ತಿದ್ದ ಮೇಷ್ಟ್ರ ಹತ್ರ ಮೂರು ವರ್ಷ ಹಾರ್ಮೋನಿಯಂ ಕಲಿತೆ. ನಾಟಕಕ್ಕೂ ನುಡಿಸ್ತಿದ್ದೆ, ಆಂಜನೇಯನ ಗುಡೀಲಿ ಶನಿವಾರದ ಭಜನೆಗೂ ನುಡಿಸ್ತಿದ್ದೆ. 2004ರಲ್ಲಿ ಮೇವು ಕತ್ತರಿಸೋ ಮಷೀನಿಗೆ ಬಲಗೈಯ ಎರಡು ಬೆರಳಿನ ತುದಿ ಹೋಯ್ತು, ತೋರುಬೆರಳು ಸ್ವಲ್ಪ, ನಡುಬೆರಳು ಅರ್ಧ. ಹಾರ್ಮೋನಿಯಂಗೆ ಬಟ್ಟೆ ಸುತ್ತಿ ಬೀರು ಮೇಲೆ ಇಟ್ಟೆ. ಆಗ ಹುಡುಗನಿಗೆ ಹತ್ತು ವರ್ಷ. ಅಲ್ಲಿವರೆಗೂ ಭಜನೇಲಿ ನನ್ನ ಪಕ್ಕ ಕೂತು ತಾಳ ಹಾಕ್ತಿದ್ದ. ನಾನು ಬಿಟ್ಟ ಮೇಲೆ ಅವನೂ ಹೋಗೋದು ಬಿಟ್ಟ.

ಹೈಸ್ಕೂಲಿಗೆ ಬಂದಾಗ ನನ್ನ ಭಾವಮೈದ ಬೆಂಗಳೂರಿಂದ ಒಂದು ಹಳೇ ಗಿಟಾರು ತಂದ್ಕೊಟ್ಟ. ಆರು ತಂತಿ ಪೈಕಿ ನಾಲ್ಕೇ ಇದ್ವು. ಗೆಳೆಯನೊಬ್ಬ ಮೆಮೊರಿ ಕಾರ್ಡಲ್ಲಿ ಹಾಡು ತುಂಬಿಸಿ ಕೊಟ್ಟ. ಶುರುವಾಗಿದ್ದು ಅಲ್ಲಿಂದ.

ಮೊದಲು ಬಂದಿದ್ದು ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನವರು. ಅದು ಕಾರ್ಖಾನೆಗಳ ಊರು, ಈ ನಾಲ್ವರೂ ಕೂಲಿಕಾರರ ಮನೆ ಮಕ್ಕಳು. ಅವರ ಮೊದಲನೇ ರೆಕಾರ್ಡು ಬಂದಿದ್ದು 1970ರ ಫೆಬ್ರವರಿ 13ಕ್ಕೆ. ಹೆಚ್ಚುಕಮ್ಮಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದಂತೆ. ಹೆವಿ ಮೆಟಲ್ ಅನ್ನೋದು ಹುಟ್ಟಿದ್ದೇ ಅಲ್ಲಿಂದ ಅಂತ ಬಹಳ ಜನ ಹೇಳ್ತಾರೆ.

ಆ ರೆಕಾರ್ಡಿನ ಮೊದಲ ಹಾಡು ನಮ್ ಹುಡುಗ ತಿಂಗಳುಗಟ್ಟಲೆ ನುಡಿಸಿದ. ಅದರಲ್ಲಿ ಗಿಟಾರಿಗೆ ಇರೋದು ಮುಖ್ಯವಾಗಿ ಮೂರೇ ಸ್ವರ. ಕೆಳಗಿನ ಸ, ಅದರ ಮೇಲಿನ ಸ, ಆಮೇಲೆ ಇಳಿದು ನಡುವೆ ಇರೋ ಪ್ರತಿ ಮಧ್ಯಮ. ಅಷ್ಟೇ. ಸೀಮೆಸುಣ್ಣದಲ್ಲಿ ಬರೆದ್ರೆ ಒಂದು ಸಾಲೂ ಆಗಲ್ಲ. ಆದ್ರೆ ನಿಧಾನಕ್ಕೆ, ಭಾರ ಹಾಕಿ ಹೊಡೆದಾಗ ಎದೇಲಿ ಒಂಥರಾ ಭಯ ಆಗುತ್ತೆ. ಅದೇ ಪ್ರತಿ ಮಧ್ಯಮ ಕಲ್ಯಾಣಿ ರಾಗದಲ್ಲಿ ಎಷ್ಟು ಚಂದ ಕೇಳುತ್ತೆ! ಅಕ್ಕಪಕ್ಕ ಗಾಂಧಾರ, ಪಂಚಮ ಇದ್ರೆ ಅದು ಮಂಗಳ. ಎಲ್ಲರನ್ನೂ ಕಳಿಸಿ ಸ ಜೊತೆ ಒಂಟಿಯಾಗಿ ನಿಲ್ಲಿಸಿದ್ರೆ ಸ್ಮಶಾನ. ಬೀರು ಮೇಲಿದ್ದ ಹಾರ್ಮೋನಿಯಂ ಮುಟ್ಟದೇ ಐದು ವರ್ಷ ಆಗಿತ್ತು, ಆದ್ರೂ ನನ್ನ ಕಿವಿ ತಾನಾಗೇ ಆ ಸ್ವರ ಗುರುತು ಹಿಡೀತು.

ಈ ಬ್ಯಾಂಡು ಅವನಿಗೆ ಕಲಿಸಿದ ಮೊದಲ ಪಾಠ ನಿಧಾನ. ಹೊಸದಾಗಿ ವಾದ್ಯ ಹಿಡಿದ ಮಕ್ಕಳು ಓಡ್ತಾರೆ, ನಾನೂ ಓಡ್ತಿದ್ದೆ, ಮೇಷ್ಟ್ರು ಬೈತಿದ್ರು. ನಿಧಾನದ ಹಾಡಲ್ಲಿ ಓಡೋಕೆ ಜಾಗ ಇಲ್ಲ. ಒಂದು ಸ್ವರ ಹೊಡೆದು, ಅದು ಸಾಯೋವರೆಗೂ ಕಾಯಬೇಕು. ತಂತಿ ಸರಿಯಾಗಿ ಒತ್ತದಿದ್ರೆ ಕಿರ್ ಅನ್ನೋದು ಅಲ್ಲೇ ಗೊತ್ತಾಗುತ್ತೆ, ಮುಚ್ಚಿಡೋಕೆ ಆಗಲ್ಲ.

ಎರಡನೇ ಪಾಠ ಸ-ಪ. ಹೆವಿ ಮೆಟಲ್ಲಲ್ಲಿ ಗಿಟಾರಿನ ಸದ್ದನ್ನ ಬೇಕಂತಲೇ ಹರಿಸ್ತಾರೆ. ನಮ್ಮ ಜಾತ್ರೇಲಿ ಮೈಕ್ ಸೆಟ್ಟಿಗೆ ವಾಲ್ಯೂಮ್ ಜಾಸ್ತಿ ಕೊಟ್ಟಾಗ ಹರಿದುಹೋಗುತ್ತಲ್ಲ, ಹಂಗೆ. ಅಂಥ ಸದ್ದಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ಹಿಡಿದ್ರೆ ಕೆಸರು ಕಲಸಿದಂಗೆ ಆಗುತ್ತೆ. ಅದಕ್ಕೆ ಅವರು ಬರೀ ಷಡ್ಜ ಪಂಚಮ ಹಿಡೀತಾರೆ. ಅದಕ್ಕೆ ಪವರ್ ಕಾರ್ಡ್ ಅಂತ ಹೆಸರು. ನಮ್ಮ ತಂಬೂರಿ ಕೂಡ ಸ-ಪ ತಾನೆ ಮೀಟೋದು? ಇದನ್ನ ನಾನೇ ಅವನಿಗೆ ಹೇಳಿದೆ. ಗಿಟಾರು ಕೆಳಗಿಟ್ಟು ನನ್ನ ಮುಖ ನೋಡಿದ. ಅಪ್ಪನಿಗೂ ಇದರಲ್ಲಿ ಏನೋ ಗೊತ್ತಿದೆ ಅಂತ ಅವನಿಗೆ ಅನ್ನಿಸಿದ್ದು ಅವತ್ತೇ ಇರಬೇಕು.

ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಆ ಬ್ಯಾಂಡಿನ ಗಿಟಾರ್‌ನವನ ಕತೆ ಹೇಳಿದ. ಹೆಸರು ಟೋನಿ ಅಯೋಮಿ. ತಗಡು ಕತ್ತರಿಸೋ ಕಾರ್ಖಾನೇಲಿ ಕೆಲಸ. ಹದಿನೇಳು ವರ್ಷ ವಯಸ್ಸು. ಬ್ಯಾಂಡಿನ ಜೊತೆ ಊರೂರು ಸುತ್ತೋಕೆ ಹೊರಟು ಕೆಲಸ ಬಿಡೋ ದಿನ, ಕೊನೇ ದಿನ, ಮಷೀನಿಗೆ ಬಲಗೈಯ ನಡುಬೆರಳು, ಉಂಗುರಬೆರಳಿನ ತುದಿ ಹೋಯ್ತು. ಅವನು ಎಡಚ. ತಂತಿ ಒತ್ತೋದು ಬಲಗೈಲೇ. ಅಂದ್ರೆ ಗಿಟಾರು ಮುಗೀತು ಅಂತಲೇ ಲೆಕ್ಕ. ಆಗ ಕಾರ್ಖಾನೆ ಮೇಲ್ವಿಚಾರಕನೊಬ್ಬ ಮನೆಗೆ ಒಂದು ರೆಕಾರ್ಡು ತಂದು ಕೇಳಿಸಿದನಂತೆ. ಅದು ಜ್ಯಾಂಗೋ ರೈನ್‌ಹಾರ್ಟ್ ಅನ್ನೋರದ್ದು. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಕೆಟ್ಟು, ಉಳಿದ ಬೆರಳಲ್ಲೇ ನುಡಿಸಿ ಜಗತ್ಪ್ರಸಿದ್ಧ ಆದೋರು. ಅದನ್ನ ಕೇಳಿದ ಮೇಲೆ ಅಯೋಮಿ ಪಾತ್ರೆ ತೊಳೆಯೋ ಸೋಪಿನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ, ಅದಕ್ಕೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸ್ದ. ನೋವು ಕಮ್ಮಿ ಆಗಲಿ ಅಂತ ತೆಳ್ಳನೆ ತಂತಿ ಹಾಕಿದ. 1971ರ ಮೂರನೇ ರೆಕಾರ್ಡಲ್ಲಿ ಕೆಲವು ಹಾಡಿಗೆ ತಂತೀನ ಮೂರು ಮನೆ ಕೆಳಗೆ ಇಳಿಸಿ ಸಡಿಲ ಮಾಡಿದ. ಸಡಿಲ ಮಾಡಿದ್ದಕ್ಕೆ ಶ್ರುತಿ ಇಳೀತು, ಶ್ರುತಿ ಇಳಿದಿದ್ದಕ್ಕೆ ಸದ್ದು ಇನ್ನೂ ಭಾರ ಆಯ್ತು. ಇವತ್ತಿಗೂ ಪ್ರಪಂಚದಲ್ಲಿ ಸಾವಿರಾರು ಬ್ಯಾಂಡು ಆ ಭಾರದ ಸದ್ದನ್ನೇ ನುಡಿಸ್ತಾವೆ, ಅವರ ಬೆರಳು ಹತ್ತೂ ನೆಟ್ಟಗಿದ್ರೂ.

ಹುಡುಗ ಇದನ್ನೆಲ್ಲ ತಟ್ಟೆ ನೋಡ್ಕೊಂಡೇ ಹೇಳಿದ. ನನ್ನ ಕೈ ಕಡೆ ನೋಡ್ಲಿಲ್ಲ. ನಾನೂ ಏನೂ ಮಾತಾಡ್ಲಿಲ್ಲ. ಇನ್ನೊಂದು ಮುದ್ದೆ ಹಾಕಿಸ್ಕೊಂಡೆ.

ಪಿಯುಸಿಗೆ ಬಂದಾಗ ಮೆಟಾಲಿಕಾ ಶುರುವಾಯ್ತು. ಇವರು ಅಮೆರಿಕದ ಕ್ಯಾಲಿಫೋರ್ನಿಯಾದವರು, ಬ್ಯಾಂಡು ಕಟ್ಟಿದ್ದು 1981ರಲ್ಲಿ. ಹಾಡೋದೂ ಗಿಟಾರು ಹೊಡೆಯೋದೂ ಜೇಮ್ಸ್ ಹೆಟ್‌ಫೀಲ್ಡ್. ಅವನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡ್ರು. ಅವರ ಮನೆಯ ಧರ್ಮದಲ್ಲಿ ಔಷಧ ತಗೊಳ್ಳೋ ಹಾಗಿರಲಿಲ್ಲ. ಹದಿನಾರು ವರ್ಷದ ಹುಡುಗ ಆಗ. ಅವನ ಕೈ ಹಿಡಿದಿದ್ದು ಅಣ್ಣನ ರೆಕಾರ್ಡುಗಳ ಮಧ್ಯೆ ಸಿಕ್ಕ ಬ್ಲ್ಯಾಕ್ ಸಬ್ಬತ್ ಥರದ ಸಂಗೀತ. ಬ್ಯಾಂಡು ಶುರುಮಾಡಿದಾಗ ಇವರ ಹತ್ರ ಸ್ವಂತ ಹಾಡು ಕಮ್ಮಿ. ಡೈಮಂಡ್ ಹೆಡ್ ಅನ್ನೋ ಇಂಗ್ಲೆಂಡಿನ ಬ್ಯಾಂಡಿನ ಹಾಡುಗಳನ್ನೇ ನುಡಿಸಿ ನುಡಿಸಿ ಕೈ ಪಳಗಿಸ್ಕೊಂಡ್ರು. ನಮ್ಮಲ್ಲೂ ಅಷ್ಟೇ ಅಲ್ವಾ, ಮೇಷ್ಟ್ರ ಕಂದ, ಮೇಷ್ಟ್ರ ಮಟ್ಟು ಹತ್ತು ವರ್ಷ ಹಾಡಿದ ಮೇಲೆ ತಾನೆ ನಮ್ಮದು ಅಂತ ಒಂದು ಬರೋದು?

ಮೆಟಾಲಿಕಾ ಇವನಿಗೆ ಕಲಿಸಿದ್ದು ಬಲಗೈ. ಗಿಟಾರಲ್ಲಿ ನೋಡೋರ ಕಣ್ಣೆಲ್ಲ ಎಡಗೈ ಬೆರಳಿನ ಮೇಲೆ ಇರುತ್ತೆ. ಆದ್ರೆ ದುಡಿಯೋದು ಬಲಗೈ. ಪಿಕ್ ಅಂತ ಒಂದು ಪ್ಲಾಸ್ಟಿಕ್ ಚೂರು ಹಿಡಿದು ತಂತಿ ಮೀಟ್ತಾರೆ. ಕೆಳಗೆ ಒಂದು, ಮೇಲೆ ಒಂದು ಮೀಟಿದ್ರೆ ಸುಲಭ. ಹೆಟ್‌ಫೀಲ್ಡ್ ಬರೀ ಕೆಳಗೇ ಮೀಟ್ತಾನೆ, ಪ್ರತಿ ಏಟೂ ಒಂದೇ ತೂಕ ಇರಲಿ ಅಂತ. 1986ರ ಮಾಸ್ಟರ್ ಆಫ್ ಪಪೆಟ್ಸ್ ಅನ್ನೋ ಹಾಡು ಎಂಟು ನಿಮಿಷದ ಮೇಲಿದೆ. ಅದರ ತಾಳ ನಿಮಿಷಕ್ಕೆ 200ರ ಮೇಲೆ ಓಡುತ್ತೆ. ವೇಗದ ಭಾಗದಲ್ಲಿ ಒಂದೊಂದು ತಾಳಕ್ಕೆ ಎರಡೆರಡು ಏಟು, ಎಲ್ಲ ಕೆಳಮುಖ. ಮಚ್ಚು ಹಿಡಿದು ಸೋಗೆ ಸವರೋರಿಗೆ ಗೊತ್ತು, ಒಂದೇ ಥರ ಕೈ ಆಡಿಸಿದ್ರೆ ಮೊಣಕೈ ಹೆಂಗೆ ಬಿಗಿಯುತ್ತೆ ಅಂತ.

ಹುಡುಗ ಅದನ್ನ ಕಲಿತ ರೀತಿ ಹೇಳ್ತೀನಿ, ನಿಮ್ಮ ಮಕ್ಕಳಿಗೆ ಉಪಯೋಗ ಆಗುತ್ತೆ. ಮೊಬೈಲಲ್ಲಿ ಟಕ್ ಟಕ್ ಅನ್ನೋ ಮೆಟ್ರೊನೋಮ್ ಹಾಕ್ಕೊಂಡು ಮೊದಲು ನಿಮಿಷಕ್ಕೆ 100ರಲ್ಲಿ ಶುರುಮಾಡ್ದ. ಅರ್ಧ ವೇಗ. ಅದು ಒಂದೂ ತಪ್ಪದೇ ಬಂದ ಮೇಲೆ ನಾಲ್ಕು ಹೆಚ್ಚು. ಅದು ಬಂದ ಮೇಲೆ ಮತ್ತೆ ನಾಲ್ಕು. ತಪ್ಪಿದ್ರೆ ನಾಲ್ಕು ಹಿಂದಕ್ಕೆ. ಗೋಡೆ ಮೇಲೆ ಪೆನ್ಸಿಲ್ಲಲ್ಲಿ ತಾರೀಕು ಬರೀತಿದ್ದ, ಹಾಲಿನ ಲೆಕ್ಕದ ಹಂಗೆ. ಪೂರ್ತಿ ವೇಗಕ್ಕೆ ಬರೋಕೆ ಒಂದು ವರ್ಷದ ಮೇಲೆ ಹಿಡೀತು. ನಾವು ಹೋರಿ ಕಲಿಸ್ತೀವಲ್ಲ, ಮೊದಲು ಬರೀ ನೊಗ, ಆಮೇಲೆ ಮರದ ದಿಮ್ಮಿ, ಆಮೇಲೆ ನೇಗಿಲು. ಮೊದಲ ದಿನವೇ ಗಾಡಿ ಕಟ್ಟಿದ್ರೆ ಹೋರಿನೂ ಕೆಡುತ್ತೆ, ಗಾಡಿನೂ ಮುರಿಯುತ್ತೆ. ಓದೋ ವಿಷಯದಲ್ಲಿ ಇಷ್ಟು ಶಿಸ್ತು ಅವನಲ್ಲಿ ನಾನು ಕಂಡಿರಲಿಲ್ಲ. ಈ ಪಾಠ ಯಾವ ಮೇಷ್ಟ್ರೂ ಕೋಲು ಹಿಡಿದು ಹೇಳಿದ್ದಲ್ಲ. ಆ ಹಾಡು ನುಡಿಸಬೇಕು ಅನ್ನೋ ಆಸೆಯೇ ಹೇಳಿದ್ದು.

ಆ ಬ್ಯಾಂಡಿನ ಇನ್ನೊಬ್ಬ ಗಿಟಾರ್‌ನವನು ಕರ್ಕ್ ಹ್ಯಾಮೆಟ್. ಅವನು ಮೆಟಾಲಿಕಾ ಸೇರಿ ಪ್ರವಾಸ ಮಾಡ್ತಿದ್ದ ಕಾಲದಲ್ಲೂ ಜೋ ಸಾಟ್ರಿಯಾನಿ ಅನ್ನೋ ಮೇಷ್ಟ್ರ ಹತ್ರ ಪಾಠಕ್ಕೆ ಹೋಗ್ತಿದ್ದನಂತೆ. ಇದನ್ನ ಓದಿದ ಮೇಲೆ ನಮ್ ಹುಡುಗ, "ಅಪ್ಪ, ತುಮಕೂರಲ್ಲಿ ಒಬ್ರು ಗಿಟಾರು ಹೇಳ್ಕೊಡ್ತಾರೆ, ಭಾನುವಾರ ಹೋಗ್ಲಾ?" ಅಂದ. ತಿಂಗಳಿಗೆ ಐನೂರು ರೂಪಾಯಿ ಫೀಸು, ಬಸ್ ಚಾರ್ಜು ಬೇರೆ. ಅವನಮ್ಮ ಹಾಲಿನ ದುಡ್ಡಲ್ಲಿ ಕೊಟ್ಟಳು.

2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿಗೇ ಬಂತು. ಅರಮನೆ ಮೈದಾನದಲ್ಲಿ ಕಾರ್ಯಕ್ರಮ. ಎರಡು ದಿನ ಮುಂಚೆ ಗುರಗಾಂವಲ್ಲಿ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಗಿ ಜನ ಗಲಾಟೆ ಮಾಡಿದ್ರು ಅಂತ ಟಿವೀಲಿ ಬಂದಿತ್ತು. ಮನೇಲಿ ಕಳಿಸೋದು ಬೇಡ ಅಂತ ಅವನಜ್ಜಿ. ನಾನು ಭಾವಮೈದನ ಮಗನ ಜೊತೆ ರೈಲು ಹತ್ತಿಸ್ದೆ. ಮಾರನೇ ದಿನ ಬಂದಾಗ ಗಂಟಲು ಬಿದ್ದುಹೋಗಿತ್ತು. ಹೆಂಗಿತ್ತು ಅಂದ್ರೆ ಸನ್ನೇಲಿ ಹೇಳ್ತಿದ್ದ. ಎರಡು ದಿನ ಬಿಟ್ಟು ಮಾತು ಬಂದ ಮೇಲೆ ಹೇಳಿದ್ದು ಒಂದೇ ಮಾತು: "ಮೂವತ್ತು ವರ್ಷದಿಂದ ಹೊಡೀತಿದ್ದಾರೆ ಅಪ್ಪ. ಆದ್ರೂ ಒಂದು ಏಟೂ ಸಡಿಲ ಬಿಡಲ್ಲ."

ಮೂರನೇದು ಐರನ್ ಮೇಡನ್. ಲಂಡನ್ನಿನ ಬ್ಯಾಂಡು, 1975ರಲ್ಲಿ ಸ್ಟೀವ್ ಹ್ಯಾರಿಸ್ ಅನ್ನೋ ಬೇಸ್ ಗಿಟಾರ್‌ನವರು ಕಟ್ಟಿದ್ದು. ಇವರು 2007ರ ಮಾರ್ಚಲ್ಲೇ ಬೆಂಗಳೂರಿಗೆ ಬಂದು ನುಡಿಸಿ ಹೋಗಿದ್ರು, ಆಗ ಹುಡುಗ ಚಿಕ್ಕವನು, ಗೊತ್ತೇ ಇರಲಿಲ್ಲ. ಇವರ ಹಾಡುಗಳಲ್ಲಿ ಕುದುರೆ ಓಟದ ಥರ ಒಂದು ನಡೆ ಇದೆ, ತಾ-ತಕ ತಾ-ತಕ ತಾ-ತಕ ಅಂತ. ನಮ್ಮ ಭಜನೇಲಿ ಢೋಲಕ್‌ನವರು ಕೊನೇಗೆ ಜೋರು ಹಿಡೀತಾರಲ್ಲ, ಅದಕ್ಕೆ ಹತ್ತಿರ. ಅದು ಕೇಳಿದ್ರೆ ನನಗೂ ಕಾಲು ನಿಲ್ಲಲ್ಲ.

ಇವರಿಂದ ಕಲಿತದ್ದು ಜೋಡಿ. ಐರನ್ ಮೇಡನ್‌ನಲ್ಲಿ ಎರಡು ಗಿಟಾರು ಒಂದೇ ರಾಗವನ್ನ ಬೇರೆ ಬೇರೆ ಎತ್ತರದಲ್ಲಿ ನುಡಿಸ್ತಾವೆ. ಒಬ್ಬರು ಸ ಹಿಡಿದಾಗ ಇನ್ನೊಬ್ಬರು ಗ, ಒಬ್ಬರು ರಿ ಅಂದಾಗ ಇನ್ನೊಬ್ಬರು ಮ. ಒಬ್ಬನೇ ಎಷ್ಟು ಚೆನ್ನಾಗಿ ನುಡಿಸಿದ್ರೂ ಇದು ಆಗಲ್ಲ. ಡಿಪ್ಲೊಮಾ ಓದುವಾಗ ತುಮಕೂರಲ್ಲಿ ಇವನಿಗೆ ಒಬ್ಬ ಗೆಳೆಯ ಸಿಕ್ಕ. ಇಬ್ಬರೂ ಸೇರಿ ನಮ್ಮ ಪಂಪ್ ಮನೇಲಿ ಕೂತು ನುಡಿಸೋರು. ಮೊದಲ ಆರು ತಿಂಗಳು ಬರೀ ಜಗಳ. ನೀನು ಓಡ್ತೀಯ, ನೀನು ಎಳೀತೀಯ. ಆಮೇಲೆ ಇವನು ತನ್ನ ಸದ್ದು ತಗ್ಗಿಸಿ ಅವನದ್ದು ಕೇಳೋಕೆ ಶುರುಮಾಡ್ದ. ಎತ್ತಿನ ಜೋಡೀಲಿ ಒಂದು ಮುಂದೆ ಒಂದು ಹಿಂದೆ ಆದ್ರೆ ಸಾಲು ಸೊಟ್ಟ ಆಗುತ್ತೆ. ಸಾಲು ನೆಟ್ಟಗಾದ ದಿನ ನಾನು ಮೋಟರ್ ಹಾಕೋಕೆ ಹೋದೋನು ಬಾಗಿಲಲ್ಲೇ ನಿಂತುಬಿಟ್ಟೆ.

ಇನ್ನೊಂದು. ಇವರದ್ದು 1984ರ ಒಂದು ಹಾಡು ಹದಿಮೂರು ನಿಮಿಷದ ಮೇಲಿದೆ. ಕೋಲ್‌ರಿಜ್ ಅನ್ನೋ ಇಂಗ್ಲಿಷ್ ಕವಿ ಬರೆದ ಮುದುಕ ನಾವಿಕನ ಕತೆಯ ಮೇಲೆ ಕಟ್ಟಿದ್ದು. ಸಮುದ್ರದ ಮೇಲೆ ಹಕ್ಕಿ ಕೊಂದು ಪಾಪ ಹೊತ್ತವನ ಕತೆ. ಇಂಗ್ಲಿಷಲ್ಲಿ ಮೂವತ್ತೈದು ತಗೊಂಡು ಪಾಸಾಗ್ತಿದ್ದ ಹುಡುಗ ಡಿಕ್ಷನರಿ ಇಟ್ಕೊಂಡು ಆ ಪದ್ಯ ಓದಿ ನನಗೆ ಕನ್ನಡದಲ್ಲಿ ಹೇಳಿದ.

ಈಗ ರಾಗದ ವಿಷಯಕ್ಕೆ ಬರ್ತೀನಿ, ನನಗೆ ಮುಖ್ಯವಾದದ್ದು ಇದೇ. 2012ರ ಹೊತ್ತಿಗೆ ಇವನು ವೇಗದ ಗಿಟಾರ್‌ನವರನ್ನ ಕೇಳೋಕೆ ಹಿಡಿದ. ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ ಅಂತ ಒಬ್ಬರು. ಅವರ ಒಂದು ಸ್ವರಶ್ರೇಣಿ ನುಡಿಸಿ, "ಇದಕ್ಕೆ ಹಾರ್ಮೋನಿಕ್ ಮೈನರ್ ಅಂತಾರೆ ಅಪ್ಪ" ಅಂದ. ನಾನು, "ಅಂತಾರೆ ಬಿಡು, ನಮ್ಮಲ್ಲಿ ಅದಕ್ಕೆ ಕೀರವಾಣಿ ಅಂತೀವಿ" ಅಂದೆ. ಇನ್ನೊಂದು ನುಡಿಸ್ದ, ಮೆಟಲ್ಲಲ್ಲಿ ಬಹಳ ಬರೋದು, ಫ್ರಿಜಿಯನ್ ಅಂತ ಹೆಸರು. ಅದೇ ಸ್ವರಗಳು ನಮ್ಮ ಹನುಮತೋಡೀಲಿ ಇರೋವು. ಬರೀ ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಆಗಲ್ಲ, ಗಮಕ ಬೇಕು, ಹಿಡಿಯೋ ಜಾಗ ಬಿಡೋ ಜಾಗ ಗೊತ್ತಿರಬೇಕು. ಅದನ್ನೂ ಹೇಳಿದೆ. "ಹಾಡಿ ತೋರಿಸು" ಅಂದ. ಹಾಡಿದೆ. "ನುಡಿಸಿ ತೋರಿಸು" ಅಂದ. ಸುಮ್ಮನಾದೆ.

ಮಾರನೇ ಭಾನುವಾರ ಅಂಗಳದಲ್ಲಿ ಏನೋ ಸುಟ್ಟ ವಾಸನೆ. ನೋಡಿದ್ರೆ ಪ್ಲಾಸ್ಟಿಕ್ ಬಾಟ್ಲಿ ಮುಚ್ಚಳ ಕರಗಿಸ್ತಾ ಕೂತಿದ್ದ. ಎರಡು ಟೊಪ್ಪಿ ಮಾಡಿದ. ಒಂದು ಸಡಿಲ, ಒಂದು ಬಿಗಿ. ಹಾರ್ಮೋನಿಯಂ ಇಳಿಸಿ ಬಟ್ಟೆ ಬಿಚ್ಚಿದ್ವಿ. ಒಂದು ಕಡೆ ಇಲಿ ಕಡಿದಿತ್ತು, ತಿದಿ ಸೋರ್ತಿತ್ತು. ಟೊಪ್ಪಿ ಹಾಕ್ಕೊಂಡು ಮನೆ ಒತ್ತಿದ್ರೆ ಸ್ವರಕ್ಕಿಂತ ಟಕ್ ಟಕ್ ಸದ್ದೇ ಜೋರು. ಹಳೇ ಚಪ್ಪಲಿ ಚರ್ಮ ಅಂಟಿಸ್ದ, ಸದ್ದು ನಿಂತಿತು. ಆದ್ರೆ ಜಾರ್ತಿತ್ತು. ಹಿಂಗೇ ನಾಲ್ಕೈದು ಸಲ ಮಾಡಿ ಕೊನೇಗೆ ನಡುಬೆರಳಿಗೆ ಒಂದು ಸರಿಯಾಗಿ ಕೂತಿತು. ತೋರುಬೆರಳಿಗೆ ಬೇಡ ಅಂತ ಬಿಟ್ವಿ.

ಮುಂಚಿನ ಹಂಗೆ ನುಡಿಸ್ತೀನಿ ಅಂತ ಹೇಳಲ್ಲ. ಆಗಲ್ಲ. ಅಯೋಮಿಗೆ ಆಗ ಹದಿನೇಳು, ನನಗೆ ನಲವತ್ತು ದಾಟಿತ್ತು. ಜೋರಿನ ಹಾಡು ಈಗಲೂ ಬೇರೆಯೋರೇ ನುಡಿಸ್ತಾರೆ. ನಿಧಾನದ್ದು ನನಗೆ ಬಿಡ್ತಾರೆ. ಎಂಟು ವರ್ಷ ಬೀರು ಮೇಲಿದ್ದ ಪೆಟ್ಟಿಗೆ ಈಗ ಶನಿವಾರ ಗುಡಿಗೆ ಹೋಗುತ್ತೆ. ಇಂಗ್ಲೆಂಡಿನ ಒಂದು ತಗಡಿನ ಕಾರ್ಖಾನೇಲಿ ಆದ ಅನಾಹುತಕ್ಕೂ ನಮ್ಮೂರ ಭಜನೆಗೂ ಏನು ಸಂಬಂಧ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇದೆ. ಬೆರಳು ತೋರಿಸ್ತೀನಿ.

ಇನ್ನು ನೀವು ಕೇಳೋ ಭಯದ ಪ್ರಶ್ನೆಗಳು. ದೆವ್ವದ ಸಂಗೀತ ಅಂತಾರೆ. ಬ್ಲ್ಯಾಕ್ ಸಬ್ಬತ್ ಅನ್ನೋ ಹೆಸರು ಬಂದಿದ್ದು ಒಂದು ಭೂತದ ಸಿನಿಮಾದಿಂದ. ತಲೆಬುರುಡೆ, ಕರಿ ಬಟ್ಟೆ ಎಲ್ಲ ವೇಷ. ನಮ್ಮ ನಾಟಕದಲ್ಲಿ ದುಶ್ಯಾಸನನ ಪಾತ್ರ ಮಾಡೋರು ಮನೇಲಿ ಹಂಗೇ ಇರ್ತಾರಾ? ಕುಡಿತ, ಮತ್ತಿನ ಪದಾರ್ಥದಿಂದ ಹಾಳಾದೋರು ಈ ಬ್ಯಾಂಡುಗಳಲ್ಲಿ ಇದ್ದಾರೆ, ಇಲ್ಲ ಅನ್ನಲ್ಲ. ಹೆಟ್‌ಫೀಲ್ಡೇ ಕುಡಿತ ಬಿಡೋಕೆ ಚಿಕಿತ್ಸೆಗೆ ಸೇರಿದ್ದ. ಅದೇ ಐರನ್ ಮೇಡನ್‌ನ ಹಾಡುಗಾರ ಬ್ರೂಸ್ ಡಿಕಿನ್‌ಸನ್ ಪೈಲಟ್ ಲೈಸೆನ್ಸ್ ತಗೊಂಡು ದೊಡ್ಡ ವಿಮಾನ ಹಾರಿಸಿದೋರು. ತಮ್ಮ ಬ್ಯಾಂಡನ್ನೇ ವಿಮಾನದಲ್ಲಿ ಕೂರಿಸ್ಕೊಂಡು ದೇಶ ಸುತ್ತಿದ್ದಾರೆ. ಎರಡೂ ಥರದೋರು ಎಲ್ಲ ಕಡೆ ಇರ್ತಾರೆ. ಹುಡುಗ ಯಾರ ಜೊತೆ ಸೇರ್ತಾನೆ ಅಂತ ನೋಡಿ, ಟೀ ಶರ್ಟ್ ನೋಡಬೇಡಿ.

ಇದು ಪೇಟೆಯೋರ ಹುಚ್ಚು ಅನ್ನೋರಿಗೆ ಒಂದು ಮಾತು. ಜರ್ಮನಿಯ ಉತ್ತರದಲ್ಲಿ ವಾಕೆನ್ ಅಂತ ಒಂದು ಹಳ್ಳಿ. ಸುಮಾರು ಎರಡು ಸಾವಿರ ಜನ, ಹಸು ಮೇಯೋ ಊರು. 1990ರಿಂದ ಅಲ್ಲಿ ಹೆವಿ ಮೆಟಲ್ ಜಾತ್ರೆ ನಡೆಯುತ್ತೆ. ಹೊಲದಲ್ಲೇ ಡೇರೆ, ಹೊಲದಲ್ಲೇ ವೇದಿಕೆ. ಈಗ ಎಪ್ಪತ್ತು ಎಂಬತ್ತು ಸಾವಿರ ಜನ ಸೇರ್ತಾರೆ. 2023ರಲ್ಲಿ ಮಳೆ ಹೊಡೆದು ಎಷ್ಟು ಕೆಸರಾಯ್ತು ಅಂದ್ರೆ ಅರ್ಧಕ್ಕೇ ಜನರನ್ನ ಬಿಡೋದು ನಿಲ್ಲಿಸಿದ್ರು, ಟ್ರ್ಯಾಕ್ಟರ್ ಕಟ್ಟಿ ವಾಹನ ಎಳೆದ್ರು. ಆ ವಿಡಿಯೋ ನೋಡಿ ನಮ್ಮ ಜಾತ್ರೆ ಮಾಳವೇ ನೆನಪಾಯ್ತು. 1998ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಅನ್ನೋ ಬ್ಯಾಂಡು 2013ರಲ್ಲಿ ಅಲ್ಲಿ ಹೋಗಿ ನುಡಿಸಿ ಬಂದಿದೆ. ಹುಡುಗನ ಗೋಡೆ ಮೇಲೆ ಅವರ ಚಿತ್ರ ಈಗಲೂ ಇದೆ.

ಕೆಲಸದ ಮಾತು ನಾಲ್ಕು. ಒಂದು, ಕಿವಿ. 85 ಡೆಸಿಬಲ್ ಮೇಲಿನ ಸದ್ದು ದಿನಾ ಗಂಟೆಗಟ್ಟಲೆ ಬಿದ್ರೆ ಕಿವಿ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ. ಪಕ್ಕದಲ್ಲಿ ನಿಂತೋರ ಜೊತೆ ಕೂಗಿ ಮಾತಾಡಬೇಕು ಅಂದ್ರೆ ಸದ್ದು ಜಾಸ್ತಿ ಆಯ್ತು ಅಂತ ಲೆಕ್ಕ. ಇಯರ್ ಪ್ಲಗ್ ಕೊಡಿಸಿ. ಎರಡು, ಮಣಿಕಟ್ಟು. ನೋವು ಬಂದ್ರೆ ನಿಲ್ಲಿಸಬೇಕು, ಹಟ ಮಾಡಬಾರದು. ಮೂರು, ಮೊದಲೇ ದುಬಾರಿ ಎಲೆಕ್ಟ್ರಿಕ್ ಗಿಟಾರು ಬೇಡ. ಒಂದು ವರ್ಷ ಸಾಧಾರಣದ್ದರಲ್ಲಿ ಕೂತು ಅಭ್ಯಾಸ ಮಾಡ್ತಾನಾ ನೋಡಿ. ಮಾಡಿದ್ರೆ ಆಮೇಲೆ ಕೊಡಿಸಿ. ನಾಲ್ಕು, ಬೀಗ ಹಾಕಬೇಡಿ. ಟೈಮ್ ಗೊತ್ತು ಮಾಡಿ. ನಮ್ಮನೇಲಿ ಪರೀಕ್ಷೆ ತಿಂಗಳಲ್ಲಿ ದಿನಕ್ಕೆ ಒಂದು ಗಂಟೆ ಅಂತ ಇತ್ತು. ಆ ಒಂದು ಗಂಟೆಗೋಸ್ಕರ ಉಳಿದ ಹೊತ್ತು ಓದ್ತಿದ್ದ.

ಈ ಮಗ ದೊಡ್ಡ ಹೆಸರು ಮಾಡಿಲ್ಲ. ವಾರವೆಲ್ಲ ತುಮಕೂರಲ್ಲಿ ಲೇಥ್ ಮಷೀನ್ ಕೆಲಸ, ಕೈ ಬಗ್ಗೆ ಬಹಳ ಹುಷಾರು. ಭಾನುವಾರ ಐದಾರು ಮಕ್ಕಳಿಗೆ ಗಿಟಾರು ಹೇಳ್ಕೊಡ್ತಾನೆ. ಮೊದಲನೇ ದಿನ ಎಲ್ಲರಿಗೂ ಆ ಮೂರು ಸ್ವರದ ಹಾಡೇ. ನಾಟಕದ ಮೇಷ್ಟ್ರ ಶಿಷ್ಯರು ಕುರುಕ್ಷೇತ್ರ ಆಡಿದಾಗ ದುರ್ಯೋಧನನ ಪ್ರವೇಶಕ್ಕೆ ಹಾರ್ಮೋನಿಯಂ ಜೊತೆ ಇವನ ಗಿಟಾರೂ ಸೇರಿತ್ತು. ಸ-ಪ ಹಿಡಿದು, ಬರೀ ಕೆಳಗೆ ಕೆಳಗೆ ಮೀಟಿ. ಹಿರಿಯರು ಒಂದಿಬ್ಬರು ಮುಖ ಸಿಂಡರಿಸಿದ್ರು. ಹಿಂದಿನ ಸಾಲಿಂದ ಒನ್ಸ್ ಮೋರ್ ಅಂತ ಕೂಗಿದ್ರು.

2025ರ ಜುಲೈ 5ಕ್ಕೆ ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರು ತಮ್ಮೂರು ಬರ್ಮಿಂಗ್‌ಹ್ಯಾಮಲ್ಲೇ ಕೊನೇ ಸಲ ನುಡಿಸಿದ್ರು. ಅವತ್ತು ಅದೇ ವೇದಿಕೆ ಮೇಲೆ ಅವರಿಗಿಂತ ಮುಂಚೆ ನುಡಿಸಿದವರಲ್ಲಿ ಮೆಟಾಲಿಕಾನೂ ಇತ್ತು. ಕಲಿತೋರು ಬಂದು ಕಲಿಸಿದೋರ ಮುಂದೆ ನುಡಿಸಿ ಹೋದ್ರು. ಹಾಡುಗಾರ ಆಝಿ ಆಸ್ಬರ್ನ್‌ಗೆ ಕಾಯಿಲೆ, ನಿಲ್ಲೋಕಾಗದೆ ಸಿಂಹಾಸನದ ಥರದ ಕುರ್ಚೀಲಿ ಕೂತೇ ಹಾಡಿದ್ರು. 22ನೇ ತಾರೀಕು ತೀರಿಕೊಂಡ್ರು. ಸುದ್ದಿ ಬಂದಾಗ ಹುಡುಗ ಫೋನ್ ಮಾಡಿ ಏನೂ ಮಾತಾಡದೆ ಒಂದು ನಿಮಿಷ ಸುಮ್ಮನಿದ್ದ. ನಮ್ಮ ನಾಟಕದ ಮೇಷ್ಟ್ರು ಹೋದಾಗ ನಾನೂ ಹಂಗೇ ಇದ್ದೆ. ಅದಕ್ಕೇ, "ಊಟ ಮಾಡಿದ್ಯೇನಪ್ಪ?" ಅಂತ ಅಷ್ಟೇ ಕೇಳಿದೆ.

ಗಿಟಾರು ಕಲೀತಿರೋ ಮಕ್ಕಳು ನಿಮ್ಮನೇಲಿದ್ರೆ ಯಾವುದಾದ್ರೂ ಶನಿವಾರ ಸಂಜೆ ಗುಡಿ ಹತ್ರ ಕರ್ಕೊಂಡು ಬನ್ನಿ, ಮಗನೂ ಬಂದಿರ್ತಾನೆ, ತಂತಿ ಶ್ರುತಿ ಮಾಡೋದು ತೋರಿಸ್ತಾನೆ. ಮುಂದಿನ ಸಲ ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ, ನಮ್ಮ ತೋಟದ ಮೂಡಲ ಕಡೆ ಗರಿ ಒಣಗಿದಂಗೆ ಕಾಣ್ತಿದೆ. ನಿಮ್ಮ ಕಡೆ ಹೆಂಗಿದೆ ನೋಡ್ಕೊಳ್ಳಿ.